ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಡುವಾಗ ಅಡ್ಡಪರಿಣಾಮ ಕಡಿಮೆ ಮಾಡುವುದು ಹೇಗೆ?

ತಂದೆಗೆ ರೇಡಿಯೇಷನ್ ಶುರುವಾಗಲಿದೆ, ತೊಂದರೆ ಕಡಿಮೆ ಮಾಡಲು ಏನು ಮಾಡಬಹುದು ಎಂದು ಕೇಳಿದ್ದೀರಿ. ಮಾಡಬಹುದಾದ್ದು ಸಾಕಷ್ಟಿದೆ.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಕೆಳಗೆ, ಗುದನಾಳದ ಮುಂದೆ. ತೊಂದರೆ ಹೆಚ್ಚಾಗಿ ಬರುವುದೂ ಈ ಎರಡು ಕಡೆಯೇ: ಪದೇ ಪದೇ ಮೂತ್ರ, ಉರಿ, ಭೇದಿ. ಅದಕ್ಕೇ ಸಾಮಾನ್ಯವಾಗಿ ಪ್ರತಿ ದಿನ ರೇಡಿಯೇಷನ್ ಹೊತ್ತಿಗೆ ಮೂತ್ರಕೋಶ ತುಂಬಿರಬೇಕು, ಗುದನಾಳ ಖಾಲಿಯಾಗಿರಬೇಕು ಅಂತ ಹೇಳುತ್ತಾರೆ. ಸುಮ್ನೆ ಹೇಳುವ ಮಾತಲ್ಲ ಇದು. ತುಂಬಿದ ಮೂತ್ರಕೋಶ ಉಬ್ಬಿದಾಗ ಅದರ ಹೆಚ್ಚಿನ ಭಾಗ, ಜೊತೆಗೆ ಕರುಳು, ಕಿರಣದ ದಾರಿಯಿಂದ ಮೇಲೆ ಸರಿಯುತ್ತದೆ. ಗುದನಾಳದಲ್ಲಿ ಮಲವೋ ಗಾಳಿಯೋ ತುಂಬಿದ್ದರೆ ಪ್ರಾಸ್ಟೇಟೇ ಜಾಗ ಬದಲಿಸಿಬಿಡುತ್ತದೆ. ಹಾಗಾಗಿ ಮಲಬದ್ಧತೆ ಇದ್ದರೆ ಮೊದಲೇ ಹೇಳಿ.

ಶುರುವಾಗುವ ಮೊದಲು ವೈದ್ಯರನ್ನು ಎರಡು ವಿಷಯ ಕೇಳಿ. ಪ್ರತಿ ಸಲ ಸ್ಕ್ಯಾನ್ ಮಾಡಿ ಗುರಿ ನೋಡಿಕೊಂಡೇ ಕಿರಣ ಬಿಡುತ್ತಾರಾ? ಹೈಡ್ರೋಜೆಲ್ ಸ್ಪೇಸರ್ ಇವರಿಗೆ ಹೊಂದುತ್ತದಾ? ಈ ಜೆಲ್ ಗುದನಾಳವನ್ನು ಪ್ರಾಸ್ಟೇಟ್‌ನಿಂದ ಸುಮಾರು 1 ಸೆಂಟಿಮೀಟರ್ ದೂರ ತಳ್ಳುತ್ತದೆ, ಕೆಲವು ತಿಂಗಳಲ್ಲಿ ತಾನೇ ಕರಗುತ್ತದೆ. ಎಲ್ಲರಿಗೂ ಬೇಕಾಗುವುದಿಲ್ಲ.

ಮನೆಯಲ್ಲಿ ಕಾಫಿ, ಟೀ, ಮದ್ಯ ಕಡಿಮೆ ಮಾಡಿಸಿ, ಮೂತ್ರದ ಅವಸರ ತಗ್ಗುತ್ತದೆ. ಆದರೆ ನೀರು ಕುಡಿಯುವುದನ್ನು ನಿಲ್ಲಿಸಬಾರದು. ಸುಸ್ತಾದರೆ ಮಲಗಿಯೇ ಇರಬೇಕು ಅನ್ನಿಸುತ್ತದೆ ಅಲ್ವಾ? ದಿನಾ ಸ್ವಲ್ಪ ನಡೆದರೆ ಸುಸ್ತು ಕಡಿಮೆಯಾಗುತ್ತದೆ. ಸಿಗರೇಟ್ ಬಿಡಲೇಬೇಕು.

ಉರಿಗೆ, ಮೂತ್ರ ಸರಾಗವಾಗಿ ಹೋಗಲು, ನಿಮಿರುವಿಕೆಯ ತೊಂದರೆಗೆ ಮಾತ್ರೆಗಳಿವೆ. ಇದನ್ನೆಲ್ಲ ಹೇಳಲು ಅವರಿಗೆ ಮುಜುಗರವಾಗಬಹುದು, ನೀವೇ ಮಾತು ತೆಗೆಯಿರಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮಲದಲ್ಲಿ ರಕ್ತ ತಿಂಗಳುಗಳ ನಂತರ ಕಂಡರೂ ವೈದ್ಯರಿಗೆ ತಿಳಿಸಿ.