ಸ್ಟೆಪ್ನಿ ಹೊಸದಾಗೇ ಇದೆ, ಮೂರು ಟೈರ್ ಕೊಂಡರೆ ಸಾಕೆ?

ಪ್ರಶ್ನೆ: ನಮ್ಮದು 2017ರ ಫಾರ್ಚೂನರ್, ಟೂ ವೀಲ್ ಡ್ರೈವ್. ಟೈರ್ ಅಳತೆ 265/65 ಆರ್17. 2020ರಲ್ಲಿ ಹಾಕಿಸಿದ ನಾಲ್ಕೂ ಟೈರ್ ಈಗ ಸವೆದಿವೆ. ಸ್ಟೆಪ್ನಿ ಮಾತ್ರ ಗಾಡಿಯ ಜೊತೆ ಬಂದದ್ದೇ, ಒಮ್ಮೆಯೂ ನೆಲ ಮುಟ್ಟಿಲ್ಲ. ಅದನ್ನು ಸೇರಿಸಿಕೊಂಡರೆ ಮೂರು ಟೈರ್ ಕೊಂಡರೆ ಸಾಕು ಎನ್ನುತ್ತಾರೆ ಅಂಗಡಿಯವರು. ಜೊತೆಗೆ ‘ಎ.ಟಿ. (ಮಣ್ಣು, ಕಲ್ಲಿನ ದಾರಿಗೂ ಆಗುವ) ಟೈರ್ ಹಾಕಿಸಿ, ಅದೂ 265/70 ಹಾಕಿಸಿ, ಗಾಡಿ ಎತ್ತರವಾಗುತ್ತದೆ’ ಎಂದೂ ಹೇಳುತ್ತಾರೆ. ಮನೆಯಲ್ಲಿ ಏಳು ಜನ. ತಿಂಗಳಿಗೊಮ್ಮೆ ಅಮ್ಮನ ತಪಾಸಣೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತೇವೆ, ಆಗಾಗ ಬೆಂಗಳೂರಿಗೂ ಹೋಗುವುದುಂಟು. ತೋಟಕ್ಕೆ ಒಂದು ಕಿಲೋಮೀಟರ್ ಮಣ್ಣುರಸ್ತೆ ಇದೆ. ಏನು ಮಾಡಲಿ?
– ಓದುಗರು, ತೀರ್ಥಹಳ್ಳಿ

ಉತ್ತರ: ಸ್ಟೆಪ್ನಿಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ಟೈರಿನ ಪಕ್ಕದ ಗೋಡೆಯ ಮೇಲೆ ‘ಡಾಟ್’ (DOT) ಎಂಬ ಅಚ್ಚಿನ ಸಾಲು ಹುಡುಕಿ. ಅದರ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ತಿಳಿಸುತ್ತವೆ. 1817 ಎಂದಿದ್ದರೆ 2017ರ ಹದಿನೆಂಟನೇ ವಾರ. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯ ಆಮ್ಲಜನಕ ಮತ್ತು ಬಿಸಿ ಅದನ್ನು ಒಳಗಿನಿಂದ ಗಡುಸು ಮಾಡುತ್ತಾ ಹೋಗುತ್ತವೆ. ನಿಮ್ಮ ಗಾಡಿಯಲ್ಲಿ ಸ್ಟೆಪ್ನಿ ನೇತಾಡುವುದು ಹಿಂಭಾಗದ ಅಡಿಯಲ್ಲಿ, ಕೆಸರು ನೀರು ಸಿಡಿಯುವ ಜಾಗದಲ್ಲಿ. ಬಟನ್, ಅಂದರೆ ನೆಲ ಮುಟ್ಟುವ ರಬ್ಬರಿನ ಉಬ್ಬುಗಳು, ಪೂರ್ತಿ ಇರುವುದರಿಂದ ಕಣ್ಣಿಗೆ ಹೊಸದಾಗಿಯೇ ಕಾಣುತ್ತದೆ, ಆದರೆ ಎಂಟು ವರ್ಷ ದಾಟಿದ ಟೈರ್ ಅದು. ಅದರ ಮೇಲೆ ಏಳು ಜನರನ್ನು ಕೂರಿಸಿಕೊಂಡು ನೂರರ ವೇಗದಲ್ಲಿ ಬೆಂಗಳೂರಿಗೆ ಹೋಗಬೇಡಿ. ಆರು ವರ್ಷವಾದ ಟೈರನ್ನು ಪ್ರತಿ ವರ್ಷ ಬಿಚ್ಚಿಸಿ ನೋಡಿಸುವುದು, ಎಂಟಾದ ಮೇಲೆ ಬಟನ್ ಎಷ್ಟೇ ಇದ್ದರೂ ತೆಗೆದು ಹಾಕುವುದು ನಾನು ಪಾಲಿಸುವ ಲೆಕ್ಕ.

ಕೈಯಲ್ಲಿ ಹಣವಿದ್ದರೆ ಐದು ಕೊಳ್ಳಿ. ಇಲ್ಲವಾದರೆ ನಾಲ್ಕು. ಬಿಚ್ಚಿದ ನಾಲ್ಕರಲ್ಲಿ ಬಿರುಕು, ಉಬ್ಬು ಇಲ್ಲದ ಒಂದನ್ನು ಆರಿಸಿ ಸ್ಟೆಪ್ನಿ ಮಾಡಿಕೊಳ್ಳಿ. ಪಂಕ್ಚರ್ ಆದ ದಿನ ಹತ್ತಿರದ ಅಂಗಡಿವರೆಗೆ ನಿಧಾನವಾಗಿ ಹೋಗಲು ಮಾತ್ರ ಅದು. ಒಂದೇ ಆಕ್ಸಲ್‌ನ ಒಂದು ಬದಿಗೆ ಹೊಸ ಟೈರ್, ಇನ್ನೊಂದು ಬದಿಗೆ ಗಡುಸಾದ ಹಳೆ ಟೈರ್ ಇದ್ದರೆ, ಒದ್ದೆ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಎರಡೂ ಒಂದೇ ಹಿಡಿತ ಕೊಡುವುದಿಲ್ಲ.

ಇನ್ನು ಅಳತೆ. 265 ಎಂಬುದು ಮಿ.ಮೀ.ನಲ್ಲಿ ಟೈರಿನ ಅಗಲ, 65 ಎಂಬುದು ಆ ಅಗಲದ ಎಷ್ಟು ಪರ್ಸೆಂಟ್ ಗೋಡೆಯ ಎತ್ತರ ಎಂಬುದು, 17 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. 265/65 ಆರ್17ರ ಒಟ್ಟು ವ್ಯಾಸ ಸುಮಾರು 776 ಮಿ.ಮೀ. ಇದೇ ಫಾರ್ಚೂನರ್‌ನ ಫೋರ್ ವೀಲ್ ಡ್ರೈವ್‌ಗೆ ಕಂಪನಿ ಕೊಡುವ 265/60 ಆರ್18ರ ವ್ಯಾಸ 775. ರಿಮ್ ದೊಡ್ಡದಾದರೂ ಹೊರಗಿನ ಸುತ್ತಳತೆ ಬದಲಾಗದಂತೆ ಎಂಜಿನಿಯರ್‌ಗಳು ಎಷ್ಟು ಜೋಪಾನ ಮಾಡಿದ್ದಾರೆ ನೋಡಿ. ಅಂಗಡಿಯವರ 265/70 ಆರ್17ಕ್ಕೆ ವ್ಯಾಸ 803 ಮಿ.ಮೀ. ಆಗುತ್ತದೆ, ಅಂದರೆ ಮೂರೂವರೆ ಪರ್ಸೆಂಟ್ ಜಾಸ್ತಿ. ಮೀಟರ್ ತೋರಿಸುವುದಕ್ಕಿಂತ ಅಷ್ಟರ ಮಟ್ಟಿಗೆ ಹೆಚ್ಚು ವೇಗದಲ್ಲಿ ನೀವು ಹೋಗುತ್ತಿರುತ್ತೀರಿ, ಚಕ್ರದ ತೂಕವೂ ಹೆಚ್ಚು. ಗಾಡಿ ಎತ್ತರವಾಗುವುದು ವ್ಯಾಸ ಹೆಚ್ಚಿದ್ದರ ಅರ್ಧದಷ್ಟು, ಬರೀ 13 ಮಿ.ಮೀ. ಅಮ್ಮನಿಗೆ ಹತ್ತಲು ಇಳಿಯಲು ಆ ಎತ್ತರವೂ ಬೇಡವಾಗಿತ್ತು. 65ರಲ್ಲೇ ಇರಿ.

ಅಳತೆಯ ಪಕ್ಕದಲ್ಲೇ ಇರುವ ಅಂಕಿಯನ್ನು ಜನ ಓದುವುದೇ ಇಲ್ಲ. ಅದು ಭಾರದ ಸೂಚಿ. 112 ಎಂದರೆ ಸರಿಯಾದ ಗಾಳಿಯಿದ್ದಾಗ ಒಂದು ಟೈರ್ 1,120 ಕೆ.ಜಿ. ಹೊರಬಲ್ಲದು ಎಂದರ್ಥ. 110 ಆದರೆ 1,060. ನಿಮ್ಮದು ಖಾಲಿ ಇದ್ದಾಗಲೇ ಎರಡು ಟನ್ ಆಸುಪಾಸು ತೂಗುವ ಗಾಡಿ. ಏಳು ಜನ, ಅವರ ಬ್ಯಾಗು, ತೋಟದಿಂದ ಬೆಂಗಳೂರಿನ ನೆಂಟರಿಗೆಂದು ಹೊರಟ ತೆಂಗಿನಕಾಯಿ ಚೀಲ ಎಲ್ಲ ಸೇರಿದಾಗ ಹಿಂದಿನ ಟೈರುಗಳ ಮೇಲೆ ಎಷ್ಟು ಬೀಳುತ್ತದೆ ಯೋಚಿಸಿ. ಬಾಗಿಲಿನ ಕಂಬದ ಸ್ಟಿಕ್ಕರ್, ಕಂಪನಿಯ ಪುಸ್ತಕ ಎರಡನ್ನೂ ನೋಡಿ, ಅಲ್ಲಿ ಹೇಳಿದ್ದಕ್ಕಿಂತ ಕಡಿಮೆ ಸೂಚಿಯ ಟೈರನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ.

ಎ.ಟಿ.ಯೋ ಎಚ್.ಟಿ.ಯೋ ಎಂಬುದಕ್ಕೆ ನನ್ನ ಉತ್ತರ ಎಚ್.ಟಿ., ಅಂದರೆ ಹೆದ್ದಾರಿ ಟೈರ್. ನಿಮ್ಮ ಓಡಾಟದಲ್ಲಿ ಟೈರಿಗೆ ನಿಜವಾದ ಪರೀಕ್ಷೆ ತೋಟದ ದಾರಿಯಲ್ಲ. ಜುಲೈ ತಿಂಗಳ ಆಗುಂಬೆಯ ಇಳಿಜಾರು, ತಿರುವಿನಾಚೆ ದಿಢೀರನೆ ಎದುರಾಗುವ ಬಸ್ಸು, ಟಾರಿನ ಮೇಲೆ ಹರಿಯುವ ನೀರು, ಇವೇ ಪರೀಕ್ಷೆ. ಎ.ಟಿ. ಟೈರಿನಲ್ಲಿ ಬಟನ್ ದಪ್ಪ, ಸಂದು ಅಗಲ. ಕೆಸರಿಗೆ, ಕಲ್ಲಿಗೆ ಅದು ಒಳ್ಳೆಯದೇ. ಆದರೆ ಒದ್ದೆ ಟಾರಿನಲ್ಲಿ ಗಾಡಿ ನಿಲ್ಲಿಸುವ ವಿಷಯದಲ್ಲಿ ಸಾಮಾನ್ಯವಾಗಿ ಒಳ್ಳೆಯ ಎಚ್.ಟಿ. ಮುಂದಿರುತ್ತದೆ. ಸದ್ದು ಕಡಿಮೆ, ಮೈಲೇಜಿಗೂ ಹಿತ. ಅಳತೆಯ ಮುಂದೆ ‘ಎಲ್.ಟಿ.’ (ಲೈಟ್ ಟ್ರಕ್) ಎಂದು ಬರೆದ ಎ.ಟಿ. ಟೈರುಗಳೂ ಸಿಗುತ್ತವೆ. ಅವುಗಳ ಗೋಡೆ ಬಿಗಿ, ಅಷ್ಟೇ ಭಾರಕ್ಕೆ ಹೆಚ್ಚು ಗಾಳಿ ಬೇಕು. ಅದರ ಕುಲುಕಾಟವನ್ನೆಲ್ಲ ಅನುಭವಿಸುವವರು ಮೂರನೇ ಸಾಲಿನಲ್ಲಿ ಕೂತ ಮಕ್ಕಳು. ಒಂದು ಕಿಲೋಮೀಟರ್ ಮಣ್ಣುದಾರಿ ಮಳೆಗಾಲದಲ್ಲಿ ತೀರಾ ಕೆಟ್ಟರೆ ಗಾಡಿಯನ್ನು ಗೇಟಿನ ಹತ್ತಿರ ಬಿಟ್ಟು ನಡೆಯಿರಿ. ದಿನವೂ ಎಸ್ಟೇಟ್ ರಸ್ತೆಯಲ್ಲೇ ಓಡುವವರು ನೀವಾಗಿದ್ದರೆ ನಾನೇ ಎ.ಟಿ. ಎನ್ನುತ್ತಿದ್ದೆ.

ಕೊಳ್ಳುವಾಗ ಹೆಸರಿಗೆ ಮೋಸ ಹೋಗಬೇಡಿ. ಬ್ರಿಜ್‌ಸ್ಟೋನ್ ಡ್ಯೂಲರ್, ಅಪೋಲೊ ಆಪ್‌ಟೆರಾ, ಯೊಕೊಹಾಮಾ ಜಿಯೋಲ್ಯಾಂಡರ್ ಎಲ್ಲ ಹೆಸರಿನಲ್ಲೂ ಎಚ್.ಟಿ. ಇದೆ, ಎ.ಟಿ.ಯೂ ಇದೆ. ‘ಡ್ಯೂಲರ್ ಕೊಡಿ’ ಎಂದಷ್ಟೇ ಹೇಳಿ ಬಂದರೆ ಯಾವುದು ಬರುತ್ತದೋ ಗೊತ್ತಿಲ್ಲ. ಪ್ರತಿ ಟೈರಿನ ತಯಾರಿ ತಾರೀಖನ್ನೂ ಅಂಗಡಿಯಲ್ಲೇ ಓದಿ. ಆರು ತಿಂಗಳೊಳಗಿನದಾದರೆ ಸಂತೋಷ, ವರ್ಷ ದಾಟಿದ್ದರೆ ಬೇರೆ ತರಿಸಲು ಹೇಳಿ. ಹೊಸ ವಾಲ್ವ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಮೂರೂ ಆಗಲಿ. ಬಿಲ್ಲಿನಲ್ಲಿ ಟೈರಿನ ನಂಬರ್ ಬರೆಸಿಕೊಳ್ಳಿ, ವಾರಂಟಿ ಕೇಳುವಾಗ ಬೇಕಾಗುತ್ತದೆ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನವಾಗಿ ಓಡಿಸಿ, ಹೊಸ ರಬ್ಬರಿನ ಮೇಲ್ಪದರ ಜಾರುತ್ತದೆ. ಆ ದೂರ ಮುಗಿಸಿಕೊಂಡೇ ಘಾಟಿ ಇಳಿಯಿರಿ.

ಮುಂದಿನ ಸಲದ ಮಾತೊಂದು. ಕಾನೂನು 1.6 ಮಿ.ಮೀ. ಬಟನ್‌ವರೆಗೆ ಬಿಡುತ್ತದೆ. ಮಲೆನಾಡಿನ ಮಳೆಗೆ ಅದು ಸಾಲದು, 3 ಮಿ.ಮೀ. ಆದಾಗಲೇ ಬದಲಿಸಿ. ಎರಡನ್ನೇ ಬದಲಿಸುವ ಪರಿಸ್ಥಿತಿ ಬಂದರೆ ಹೊಸ ಜೋಡಿ ಹಿಂದಕ್ಕೆ ಹೋಗಲಿ. ನೀರಿನ ಮೇಲೆ ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್‌ನಲ್ಲಿ ತಿಳಿಯುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಹಿಡಿತ ಮರಳಬಹುದು. ಹಿಂದಿನದು ಜಾರಿದರೆ ಗಾಡಿ ಗಿರಕಿ ಹೊಡೆದುಬಿಡುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ದೂರ ಓಡಿದ ಮೇಲೆ ನಮ್ಮ ಎಕ್ಸ್‌ಯುವಿ 700ರಲ್ಲಿ ಟೈರಿನ ಗಾಳಿಯ ಒತ್ತಡ ನಾಲ್ಕೈದು ಪಿಎಸ್‌ಐ ಏರಿರುತ್ತದೆ. ಸ್ವಲ್ಪ ಬಿಡಬೇಕೆ?
– ಓದುಗರು, ಕಲಬುರಗಿ

ಉತ್ತರ: ಬಿಡಲೇಬೇಡಿ. ಬಾಗಿಲಿನ ಕಂಬದ ಸ್ಟಿಕ್ಕರ್‌ನಲ್ಲಿರುವ ಅಂಕಿ ತಣ್ಣಗಿರುವ ಟೈರಿನದು. ಓಡುವಾಗ ಏರುವುದನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ಗೊತ್ತು ಮಾಡಿರುತ್ತಾರೆ. ಬಿಸಿಯಲ್ಲಿ ಗಾಳಿ ಬಿಟ್ಟರೆ ಟೈರ್ ತಣಿದಾಗ ಕಡಿಮೆಯಾಗಿರುತ್ತದೆ. ಗೋಡೆ ಹೆಚ್ಚು ಮಡಚಿ ಇನ್ನೂ ಬಿಸಿಯೇರುತ್ತದೆ, ಟೈರ್ ಸಿಡಿಯುವುದಕ್ಕೆ ದಾರಿ ಅದೇ. ಬೆಳಿಗ್ಗೆ ಗಾಡಿ ಹೊರಡುವ ಮೊದಲು ನೋಡಿ, ಮನೆಮಂದಿಯೆಲ್ಲ ಹೋಗುವ ದಿನ ಪೂರ್ತಿ ಲೋಡಿಗೆ ಹೇಳಿದಷ್ಟು ಹಾಕಿಸಿ. ಸ್ಟೆಪ್ನಿಯ ಗಾಳಿಯನ್ನೂ ಅದೇ ಹೊತ್ತಿಗೆ ನೋಡಿಬಿಡಿ.