ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕೊಟ್ಟರೆ ಮಕ್ಕಳು ಕೆಡುತ್ತಾರಾ?

ಮಗಳು ಎಂಟನೇ ಕ್ಲಾಸು, ಇಷ್ಟು ಬೇಗ ಲೈಂಗಿಕ ಶಿಕ್ಷಣ ಬೇಕಾ, ಮಕ್ಕಳು ಕೆಡೋದಿಲ್ವಾ ಅಂತ ಕೇಳಿದ್ದೀರಿ. ನಾನು ಕೊಪ್ಪಳ ಜಿಲ್ಲೆಯ ಕುಷ್ಟಗಿ ಕಡೆ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಉತ್ತರ: ಬೇಕು. ಈಗ ಇರುವುದಕ್ಕಿಂತ ಜಾಸ್ತಿ ಬೇಕು.

ನಮ್ಮ ಭಾಗದಲ್ಲಿ ಹತ್ತಿ ಬೀಜದ ಪ್ಲಾಟುಗಳಿವೆ. ಸಂಜೆ ಹೆಣ್ಣು ಸಾಲಿನ ಮೊಗ್ಗು ಬಿಡಿಸಿ ಕೇಸರ ಕಿತ್ತು ಹಾಕಬೇಕು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದಕ್ಕೆ ತಿಕ್ಕಬೇಕು. ಕ್ರಾಸಿಂಗ್ ಅಂತಾರೆ. ನನ್ನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಆ ಕೆಲಸಕ್ಕೆ ಹೋಗಿ ಬಂದವಳು (ಮಕ್ಕಳನ್ನು ಹಾಗೆ ದುಡಿಸುವುದು ತಪ್ಪು, ಆ ಸಂಕಟ ಬೇರೆ). ಪರಾಗಸ್ಪರ್ಶ ಹೇಳುವಾಗ ಎದ್ದು ಬಂದು, ಹೆಬ್ಬೆರಳಿನ ಉಗುರು ಎಲ್ಲಿ ಊರಬೇಕು ಅಂತ ಬೋರ್ಡಿನ ಚಿತ್ರದ ಮೇಲೆ ತೋರಿಸಿದಳು. ನನಗಿಂತ ಚೆನ್ನಾಗಿ ಹೇಳಿದಳು. ಎರಡು ದಿನ ಬಿಟ್ಟು ಅದೇ ಪಾಠದಲ್ಲಿ ಮನುಷ್ಯರ ಭಾಗ ಬಂತು. ಅದೇ ಹುಡುಗಿ ಡೆಸ್ಕಿಗೆ ತಲೆ ಹಚ್ಚಿ ಕೂತಳು, ಬೆಲ್ ಹೊಡೆಯುವ ತನಕ ಎತ್ತಲಿಲ್ಲ.

ನಾನು ಓದುವಾಗ ನಮ್ಮ ಮೇಷ್ಟ್ರು ಆ ಪುಟಗಳನ್ನು ಮನೇಲಿ ಓದ್ಕೊಳ್ಳಿ ಅಂತ ದಾಟಿಸಿಬಿಟ್ಟಿದ್ದರು. ನಾನು ದಾಟಿಸುವುದಿಲ್ಲ. ಆದರೆ ಪುಸ್ತಕದಲ್ಲಿರುವುದು ದೇಹ ಮಾತ್ರ. ಅಂಡಾಶಯ, ಗರ್ಭನಿರೋಧಕ, ಎಚ್‌ಐವಿ ಎಲ್ಲ ಇದೆ. ಇಬ್ಬರ ನಡುವಿನ ಮಾತು ಇಲ್ಲ, ಮೊಬೈಲ್ ಇಲ್ಲ.

ಹೋದ ವರ್ಷ ಒಬ್ಬ ಹುಡುಗ ಕೇಳಿದ: "ಅಕ್ಕೋರ, ಹುಡುಗಿ ಮೆಸೇಜ್ ನೋಡಿ ಸುಮ್ನಿದ್ರ ಹೂಂ ಅಂದಂಗಲ್ರೀ?" ಹಿಂದಿನ ಬೆಂಚಿನವನು "ಮೌನಂ ಸಮ್ಮತಿ ಲಕ್ಷಣಂ" ಅಂದ. ಯಾರೂ ನಗಲಿಲ್ಲ. ಕನ್ಯೆ ನೋಡಲು ಬಂದಾಗ ಹುಡುಗಿ ತಲೆ ತಗ್ಗಿಸಿದರೆ ಒಪ್ಪಿದಳು ಅನ್ನುವುದನ್ನು ನೋಡಿ ಬೆಳೆದ ಮಕ್ಕಳು ಅವರು. ಪುಸ್ತಕ ಮುಚ್ಚಿಟ್ಟೆ. ಸುಮ್ಮನಿರುವುದಕ್ಕೆ ಏನೇನು ಕಾರಣ ಇರಬಹುದು ಅಂತ ಹುಡುಗಿಯರನ್ನೇ ಕೇಳಿದೆ. ಫೋನು ಅಣ್ಣನದು ಅಂದಳು ಒಬ್ಬಳು. ಊರೆಲ್ಲ ಸುದ್ದಿ ಆಗುತ್ತದೆ ಅಂದಳು ಇನ್ನೊಬ್ಬಳು. ಆಮೇಲೆ ಅವತ್ತು ತಲೆ ಹಚ್ಚಿ ಕೂತಿದ್ದ ಹುಡುಗಿ: "ಬ್ಯಾಡ ಅಂದ್ರ ಸಿಟ್ಟಿಗೇಳ್ತಾರ, ಅದ್ಕ ಸುಮ್ನಿರ್ತೀವ್ರಿ." ಪ್ರಶ್ನೆ ಕೇಳಿದ ಹುಡುಗ ಬಹಳ ಹೊತ್ತು ಮಾತಾಡಲಿಲ್ಲ.

ಹುಡುಗರನ್ನು ಆಟಕ್ಕೆ ಕಳಿಸಿ, ಹುಡುಗಿಯರಿಗಷ್ಟೇ ಪ್ಯಾಡ್ ಬಗ್ಗೆ ಹೇಳಿ ಮುಗಿಸಿದ್ದರೆ ಆ ಮಾತು ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಕಾನೂನನ್ನೂ ಹೇಳಲೇಬೇಕು. 18 ತುಂಬದವರು ಲೈಂಗಿಕ ಸಂಬಂಧಕ್ಕೆ ಒಪ್ಪಿದ್ದರೂ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ ಅದನ್ನು ಒಪ್ಪಿಗೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ರಾಜ್ಯದ 2016ರ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಮಕ್ಕಳ ಸಹಾಯವಾಣಿ 1098. ಇದೆಲ್ಲ ಮಕ್ಕಳಿಗೆ ಕೇಸು ಬಿದ್ದ ಮೇಲೆ ಗೊತ್ತಾಗುವುದು ಬೇಡ, ಅಲ್ವಾ?

ಇನ್ನು ಕೆಡುವ ಮಾತು. 2007ರಲ್ಲಿ ಕೇಂದ್ರದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ನಿಲ್ಲಿಸಿತು. ಆಗಿನ ಭಯವೂ ನಿಮ್ಮದೇ. ಆದರೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ನೋಡಿ ಯುನೆಸ್ಕೊ 2018ರ ತನ್ನ ಮಾರ್ಗಸೂಚಿಯಲ್ಲಿ, ಇಂಥ ಪಾಠದಿಂದ ಮಕ್ಕಳಲ್ಲಿ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಅಂತ ಹೇಳಿದೆ. ಇಂಗ್ಲೆಂಡಿನಲ್ಲಿ 2020ರಿಂದ ಪ್ರಾಥಮಿಕ ಶಾಲೆಯಲ್ಲೇ ಸಂಬಂಧಗಳ ಪಾಠ ಕಡ್ಡಾಯ. 2025ರಲ್ಲಿ ಅದನ್ನು ಮತ್ತೆ ತಿದ್ದಿದರು. ಪಾಠಕ್ಕೆ ಏನು ಬಳಸುತ್ತೇವೆ ಅಂತ ಅಲ್ಲಿ ಶಾಲೆಯವರು ತಂದೆತಾಯಿಗೆ ತೋರಿಸಬೇಕು.

ನೀವೂ ಅದನ್ನೇ ಕೇಳಿ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ. ಪಾಠ ಯಾರು ಮಾಡ್ತಾರೆ, ಏನು ಹೇಳ್ತಾರೆ, ಹುಡುಗರೂ ಕೂರ್ತಾರಾ ಅಂತ ವಿಚಾರಿಸಿ. ಅವತ್ತು ಸಂಜೆ ಮನೆಯಲ್ಲಿ ಮಗಳು ಏನಾದರೂ ಕೇಳಿದರೆ, ದಯವಿಟ್ಟು ಟಿವಿ ಆಫ್ ಮಾಡಿ ಅವಳ ಪಕ್ಕ ಕೂತ್ಕೊಳ್ಳಿ.