ಡಿಇಎಫ್ ಹೀಟರ್ ಕೋಡ್ ಬಂದರೆ ಟ್ಯಾಂಕನ್ನೇ ಬದಲಿಸಬೇಕೇ?

ಪ್ರಶ್ನೆ: ನನ್ನ ಡೀಸೆಲ್ ವಾಹನದಲ್ಲಿ ಎಂಜಿನ್ ಎಚ್ಚರಿಕೆ ದೀಪ ಹತ್ತಿಕೊಂಡಿದ್ದು, ಸ್ಕ್ಯಾನರ್‌ನಲ್ಲಿ ಪಿ20ಬಿ9 ಎಂಬ ಕೋಡ್ ಬರುತ್ತಿದೆ. ಡಿಇಎಫ್ ಹೀಟರ್ ಸುಟ್ಟಿದೆ, ಅದು ಟ್ಯಾಂಕಿನೊಳಗೇ ಇರುವುದರಿಂದ ಇಡೀ ಘಟಕವನ್ನೇ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಾರೆ. ಫ್ಯೂಸ್ ಸರಿಯಿದೆ. ಚಳಿಯೇ ಇಲ್ಲದಿರುವಾಗ ಹೀಟರ್ ದೋಷ ಕಾಣಿಸಿಕೊಳ್ಳುವುದಾದರೂ ಹೇಗೆ?

ಉತ್ತರ: ಡಿಇಎಫ್ ಎಂದರೆ ಡೀಸೆಲ್ ಹೊಗೆಯಲ್ಲಿನ ವಿಷಾನಿಲವನ್ನು ತಗ್ಗಿಸಲು ಬಳಸುವ ದ್ರಾವಣ, ಶೇ. 32.5ರಷ್ಟು ಯೂರಿಯಾ ಬೆರೆತ ಶುದ್ಧ ನೀರು. ಅದು ಮೈನಸ್ 11 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುವುದರಿಂದ ಹೀಟರ್‌ಗೆ ನಿಜವಾದ ಕೆಲಸ ಬೀಳುವುದು ಕಡುಚಳಿಯಲ್ಲೇ. ಆದರೆ ಅದರ ಸರ್ಕ್ಯೂಟ್ ಸರಿಯಿದೆಯೇ ಎಂಬುದನ್ನು ಅನೇಕ ವಾಹನಗಳು ಬಿಸಿಲಿನಲ್ಲೂ ಪರೀಕ್ಷಿಸಿಕೊಳ್ಳುತ್ತವೆ. ಪಿ20ಬಿ9 ಹೇಳುವುದು ‘ಎ’ ಹೀಟರಿನ ನಿಯಂತ್ರಣ ಸರ್ಕ್ಯೂಟ್‌ನಲ್ಲಿ ದೋಷವಿದೆ, ಬಹುಶಃ ಎಲ್ಲೋ ಕಡಿದಿದೆ ಎಂದಷ್ಟೇ. ಕಡಿದದ್ದು ಹೀಟರೋ, ವೈರೋ, ರಿಲೇಯೋ (ಹೀಟರಿಗೆ ಕರೆಂಟು ಬಿಡುವ ವಿದ್ಯುತ್ ಸ್ವಿಚ್) ಎಂಬುದನ್ನು ಅದು ಹೇಳುವುದಿಲ್ಲ. ಪೈಪಿಗೂ ಪಂಪಿಗೂ ಬೇರೆ ಹೀಟರ್‌ಗಳಿರಬಹುದು. ಕೆಲವು ವಾಹನಗಳಲ್ಲಿ ಟ್ಯಾಂಕನ್ನು ಬೆಚ್ಚಗಿಡುವುದು ಎಂಜಿನ್ನಿನ ಕೂಲೆಂಟ್. ಹಾಗಾಗಿ ‘ಎ’ ಯಾವುದೆಂಬುದನ್ನು ಮೊದಲು ವೈರಿಂಗ್ ನಕ್ಷೆಯಲ್ಲಿ ನೋಡಿಕೊಳ್ಳಿ.

ಅನಂತರ ಇಗ್ನಿಷನ್ ಆರಿಸಿ, ಪಂಪಿನ ಸದ್ದು ಪೂರ್ತಿ ನಿಂತ ಮೇಲೆ ಹೀಟರಿನ ಕನೆಕ್ಟರ್ ಬಿಚ್ಚಿ. ನನ್ನ ಅನುಮಾನವೆಲ್ಲ ಇಲ್ಲೇ. ಪಿನ್ನುಗಳ ಬುಡದಲ್ಲಿ ಸಕ್ಕರೆಪಾಕ ಒಣಗಿದಂಥ ಬಿಳಿ ಹರಳು, ಅದರಡಿ ಹಸಿರು ಕಿಲುಬು ಕಂಡರೆ ದ್ರಾವಣ ಒಳನುಗ್ಗಿದೆ ಎಂದೇ ತಿಳಿಯಿರಿ. ಅದು ತಾಮ್ರವನ್ನು ತಿನ್ನುವುದಲ್ಲದೆ, ಬತ್ತಿಯಲ್ಲಿ ಎಣ್ಣೆ ಏರುವಂತೆ ವೈರಿನ ಎಳೆಗಳ ನಡುವೆ ಹರಿದು, ಹೊರಗೆ ಏನೂ ಕಾಣದಂತೆ ಒಳಗೊಳಗೇ ಹಾಳುಮಾಡುತ್ತದೆ. ಅಂಥಲ್ಲಿ ಪಿನ್ ಒರೆಸಿ ಕೂಡಿಸಿದರೆ ಸಾಲದು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ವೈರ್, ಹೊಸ ಕನೆಕ್ಟರ್ ಜೋಡಿಸಬೇಕು.

ಪಿನ್ನುಗಳು ಸ್ವಚ್ಛವಾಗಿದ್ದರೆ ಹೀಟರಿನ ಕಡೆಯ ಎರಡು ಪಿನ್ನುಗಳ ನಡುವೆ ಮಲ್ಟಿಮೀಟರ್ ಇಟ್ಟು ರೋಧವನ್ನು ಅಳೆಯಿರಿ. ಮೀಟರ್ ‘ಓಎಲ್’ (ಅಳೆಯಲಾಗದಷ್ಟು ರೋಧ, ಅಂದರೆ ಒಳಗೆ ಕಡಿದಿದೆ) ಎಂದು ತೋರಿಸಿದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದೇ ನಿಜ. ಅಳತೆ ದುರಸ್ತಿ ಕೈಪಿಡಿಯ ಅಂಕಿಗೆ ಹೊಂದಿದರೆ ದೋಷವನ್ನು ವೈರಿನ ಕಡೆಗೆ ಹುಡುಕಬೇಕು. ಆದರೆ ವೈರಿನ ವಿಷಯದಲ್ಲಿ ಓಮ್ ಅಳತೆಯನ್ನು ನಂಬಬೇಡಿ: ಒಂದೇ ಎಳೆ ಉಳಿದಿದ್ದರೂ ಮೀಟರಿನ ಅತ್ಯಲ್ಪ ಕರೆಂಟು ಅದರಲ್ಲಿ ಹರಿದು ಎಲ್ಲವೂ ಸರಿಯಿರುವಂತೆ ತೋರುತ್ತದೆ. 12 ವೋಲ್ಟಿನಲ್ಲಿ 2 ಓಮಿನ ಹೀಟರ್ 6 ಆಂಪಿಯರ್ ಎಳೆಯುತ್ತದೆ. ಅಷ್ಟನ್ನು ಆ ಒಂಟಿ ಎಳೆ ತಾಳಲಾರದು. ರಿಲೇಯಿಂದ ನಡೆಯುವ ಸರ್ಕ್ಯೂಟ್ ಆಗಿದ್ದರೆ ಹೀಟರಿನ ಜಾಗದಲ್ಲಿ 55 ವಾಟಿನ ಹೆಡ್‌ಲೈಟ್ ಬಲ್ಬನ್ನು ಜೋಡಿಸಿ, ಸ್ಕ್ಯಾನರ್‌ನಿಂದ ಹೀಟರನ್ನು ಆನ್ ಮಾಡಿ. ಬಲ್ಬು ಪ್ರಖರವಾಗಿ ಉರಿದರೆ ವೈರಿಂಗ್ ಗಟ್ಟಿಯಿದೆ. ಮಂಕಾದರೆ, ಅದು ಉರಿಯುತ್ತಿರುವಾಗಲೇ ರಿಲೇಯಿಂದ ಕನೆಕ್ಟರ್‌ವರೆಗೆ ಒಂದೊಂದು ತುಣುಕಿನಲ್ಲೂ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಎಂದು ಅಳೆಯಿರಿ. ಹೆಚ್ಚು ಕಳೆದುಹೋಗುವ ತುಣುಕಿನಲ್ಲೇ ದೋಷವಿದೆ. ಅರ್ತ್ (ಗ್ರೌಂಡ್) ಕಡೆಯ ವೈರನ್ನೂ ಹೀಗೆಯೇ ಪರೀಕ್ಷಿಸಿ, ಅದನ್ನು ಮರೆಯುವವರೇ ಹೆಚ್ಚು.